ಬೊಮ್ಮಕ್ಕನ ಬಣ್ಣದ ಗಡಿಗೆ

ಬಹಳ ಹಿಂದೆ, ನಮ್ಮ ಗುಡ್ಡಕ್ಕಿನ್ನೂ ಹೆಸರಿಲ್ಲದ ಕಾಲಕ್ಕೆ, ಕುರಿ ಕಾಯುವವರ ಒಂದು ಹಟ್ಟಿಯಲ್ಲಿ ಬೊಮ್ಮಕ್ಕ ಎಂಬುವಳಿದ್ದಳಂತೆ. ನಾನು ಅವಳನ್ನು ಕಂಡವಳಲ್ಲ. ನಮ್ಮಜ್ಜಿಯೂ ಕಂಡವಳಲ್ಲ. ಆದರೆ ಅವಳು ಕೂತ ಕಲ್ಲನ್ನು ನಾವಿಬ್ಬರೂ ಕಂಡಿದ್ದೇವೆ.

ಗಂಡ ತೀರಿದ ಮೇಲೆ ಕುರಿ ಹಂಚುವಾಗ ಅವಳ ಭಾವ ಮಾಳಿಂಗಪ್ಪ ಕರಿಕುರಿಗಳನ್ನೆಲ್ಲ ತನ್ನ ಕಡೆಗೆ ಅಟ್ಟಿಕೊಂಡು, ಏಳು ಬಿಳಿಕುರಿಗಳನ್ನು ಅವಳಿಗೆ ಬಿಟ್ಟನಂತೆ. ಆ ಹಟ್ಟಿಯಲ್ಲಿ ಕರಿ ಉಣ್ಣೆಯೇ ಉಣ್ಣೆ. ಬಿಳಿಯದು ಬೇಗ ಕೊಳೆಯಾಗುತ್ತದೆಂದು ಯಾರೂ ಮುಟ್ಟುತ್ತಿರಲಿಲ್ಲ. ಬೊಮ್ಮಕ್ಕ ಆ ಏಳನ್ನೇ ಹೊಡೆದುಕೊಂಡು ಮನೆಗೆ ಬಂದಳಂತೆ.

ಮಗಳು ಸಿರಿಯಮ್ಮನಿಗೆ ಮದುವೆ ಗೊತ್ತಾಯಿತು. ತಾಯಿ ಕೈಯಾರೆ ನೂತ ಕಂಬಳಿಯ ಮೇಲೇ ಮದುಮಕ್ಕಳು ಕೂರಬೇಕು, ಬರೀ ಬಿಳಿ ಕಂಬಳಿ ಹಸೆಗೆ ಆಗದು. ಇದು ಹಟ್ಟಿಯ ಕಟ್ಟಳೆ. ಬಂದು ಕೇಳಿದರೆ ಕರಿ ಉಣ್ಣೆ ಕೊಡುತ್ತೇನೆಂದು ಭಾವ ಹೇಳಿಕಳಿಸಿದ. ಕೇಳುವ ಬಾಯಿ ದೇವರು ತನಗೆ ಕೊಟ್ಟಿಲ್ಲವೆಂದು ಬೊಮ್ಮಕ್ಕ ತಿರುಗಿ ಹೇಳಿಕಳಿಸಿದಳಂತೆ.

ಅದು ಮುತ್ತುಗ ಹೂಬಿಟ್ಟ ಕಾಲ. ಗುಡ್ಡವೆಲ್ಲ ಕೆಂಡ ಚೆಲ್ಲಿದ ಹಾಗಿತ್ತು. ಮರದಡಿ ಮಲಗಿದ್ದ ಬಿಳಿಕುರಿಯೊಂದರ ಬೆನ್ನಿಗೆ ಇಬ್ಬನಿಯಲ್ಲಿ ನೆನೆದ ಹೂ ಬಿದ್ದು ಬಣ್ಣ ಹತ್ತಿತ್ತಂತೆ. ಬೊಮ್ಮಕ್ಕ ನೋಡಿದಳು. ಕರಿಗೆ ಯಾವ ಬಣ್ಣವೂ ಹತ್ತದು, ಬಿಳಿಗೆ ಹತ್ತುತ್ತದೆ! ಮಡಿಲು ತುಂಬ ಹೂ ತಂದು ಕುದಿಸಿದಳು, ಬಣ್ಣ ಕಚ್ಚಲೆಂದು ಪಟಿಕ ಹಾಕಿದಳು, ಅರ್ಧ ಉಣ್ಣೆ ಇಳಿಬಿಟ್ಟಳು. ಆಮೇಲೆ ಏನಾಯಿತು ಅಂತೀರಿ? ದಿನಾ ರಾಗಿಮುದ್ದೆ ತಿರುವಿದ ಕೈ ಅದು. ಒಲೆಯ ಮೇಲೆ ಗಡಿಗೆ ಕಂಡರೆ ಸುಮ್ಮನಿದ್ದೀತೆ? ಕೋಲು ಹಿಡಿದು ಗರಗರ ತಿರುವಿದಳಂತೆ. ಉಣ್ಣೆ ಬಿಗಿದು ಗಟ್ಟಿ ಉಂಡೆಯಾಯಿತು.

ಭಾವ ಬಂದು ಇಣುಕಿ, "ಮುದ್ದೆ ಚೆನ್ನಾಗಿ ಬಂದೈತಲ್ಲಮ್ಮ, ಸಾರೆಲ್ಲಿ?" ಅಂದನಂತೆ. ಹಟ್ಟಿಯೆಲ್ಲ ನಕ್ಕಿತು. ಕುರಿಗಳೂ ನಕ್ಕವಂತೆ.

ಉಳಿದದ್ದು ಅರ್ಧ ಉಣ್ಣೆ. ಮತ್ತೆ ಕುರಿಯ ಉಣ್ಣೆ ಕತ್ತರಿಸುವುದು ಮದುವೆ ಕಳೆದ ಮೇಲೆ. ಇದೂ ಹಾಳಾದರೆ ಭಾವನ ಬಾಗಿಲಿಗೆ ಹೋಗಲೇಬೇಕು. ಬೊಮ್ಮಕ್ಕ ಅಳಲಿಲ್ಲ. ಉಂಡೆಯ ಅಂಚಿನಿಂದ ನಾಲ್ಕು ಎಳೆ ಕಿತ್ತು ನೋಡಿದಳು. ಕೆಡಿಸಿದ್ದು ಬಣ್ಣವಲ್ಲ, ಬೆಂಕಿಯಲ್ಲ, ತಿರುವಿದ ತನ್ನ ಕೈ ಎಂದು ತಿಳಿಯಿತಂತೆ.

ಮರುದಿನ ಮುದ್ದೆ ಕೋಲನ್ನು ಸೂರಿನ ಮೇಲೆ ಎಸೆದಳು. ಉಳಿದ ಉಣ್ಣೆಯನ್ನು ಹೂವಿನ ನೀರಿಗೆ ಇಳಿಬಿಟ್ಟು ಸಣ್ಣ ಉರಿ ಇಟ್ಟಳು. ಗಡಿಗೆಯ ಮುಂದಿನ ಕಲ್ಲಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿ ಕೂತಳು. "ತಿರುವೇ ಬೊಮ್ಮಿ, ತಳ ಹಿಡಿದೀತು!" ಎಂದು ಹೆಂಗಸರು ಕೂಗಿದರು. ಅವಳ ಕೈ ಕಡಿಯಿತು, ಕಾಲು ಜೋಮು ಹಿಡಿಯಿತು. ಏಳಲಿಲ್ಲ. ಉರಿ ಆರಿ, ನೀರು ತಾನಾಗಿ ತಣ್ಣಗಾಗುವವರೆಗೂ ಏಳಲಿಲ್ಲ. ಮೂರು ದಿನ ಕೂತಿದ್ದಳಂತೆ. ಒಂದೇ ದಿನ ಅನ್ನುವವರೂ ಇದ್ದಾರೆ. ನಾನು ಮೂರರ ಕಡೆಯವಳು.

ಮೇಲೆತ್ತಿದರೆ ಅರಿಶಿನಕ್ಕಿಂತ ಕೆಂಪು, ಕೆಂಡಕ್ಕಿಂತ ತಂಪು! ಹಿಂಜಿ, ನೂತು, ನೇಯಿಸಿದಳು. ಜೇನುಹುಳ ಹೂವೆಂದು ಬಂದು ಕೂತವಂತೆ. ಅರ್ಧವೇ ಉಣ್ಣೆಯಾದ್ದರಿಂದ ಕಂಬಳಿ ಚಿಕ್ಕದಾಯಿತು. ಮದುಮಕ್ಕಳು ಒತ್ತಿಕೊಂಡು ಕೂರಬೇಕಾಯಿತು. ಅವರೇನೂ ಬೇಸರಪಡಲಿಲ್ಲವಂತೆ.

ಮದುವೆಯಲ್ಲಿ ಭಾವನಿಗೂ ಆಸನವಿತ್ತು, ಅದೇ ಉಣ್ಣೆಯ ಉಂಡೆ. "ಕೂತ್ಕೊಳ್ಳಿ ಭಾವ, ಮುದ್ದೆ ಹಾಕೀನಿ. ಸಾರು ಆಮೇಲೆ ಬಡಿಸ್ತೀನಿ" ಅಂದಳಂತೆ ಬೊಮ್ಮಕ್ಕ. ಮೊದಲು ನಕ್ಕವನು ಅವನೇ ಅಂತೆ.

ಇವತ್ತಿಗೂ ನಮ್ಮ ಕಡೆ ಉಣ್ಣೆಗೆ ಬಣ್ಣ ಕಟ್ಟುವಾಗ ಮೊದಲು ಮುದ್ದೆ ಕೋಲು ಸೂರಿಗೆ ಹೋಗುತ್ತದೆ. ಹೆಂಗಸರು ಅಂಗೈ ಮೇಲೆ ಕೂರುತ್ತಾರೆ. ದಾರಿಹೋಕರು "ಸಾರೆಲ್ಲಿ?" ಎಂದು ಕೇಳಲೇಬೇಕು, ಕೇಳದಿದ್ದರೆ ಬಣ್ಣ ಹತ್ತದಂತೆ. ಮನೆಯಲ್ಲಿ ಉಣ್ಣೆ ಎಷ್ಟೇ ಬಿದ್ದಿರಲಿ, ಹಸೆಯ ಕಂಬಳಿಯನ್ನು ಮಾತ್ರ ಒಂದು ಗೇಣು ಚಿಕ್ಕದಾಗಿಯೇ ನೇಯಿಸುತ್ತಾರೆ.