ಮಾಳಿ ನೆಲೆ ಹುಡುಕಿದ್ದು

ಬಾ ಮಗಾ, ಕಾಲು ಚಾಚ್ಕೊಂಡು ಮಲಕ್ಕೋ. ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆ ದಂಡೇಲಿ ಮಾಳಿ ಅಂತ ಒಬ್ಬಳು ಇದ್ಲಂತೆ. ಗಂಡ ಬೊಮ್ಮ, ಅತ್ತೆ ಚೆನ್ನಾಜವ್ವ, ಒಂದು ಎಮ್ಮೆ, ಇಷ್ಟೇ ಸಂಸಾರ. ಒಂದು ಮಳೆಗಾಲ ಹೊಳೆ ದಿಕ್ಕು ಬದಲಾಯಿಸಿಬಿಡ್ತಂತೆ. ಮೊದಲು ಹೊಲ ಹೋಯ್ತು, ಆಮೇಲೆ ಕೊಟ್ಟಿಗೆ ಹೋಯ್ತು, ಆಮೇಲೆ ಮನೇನೂ ಕುಸ್ಕೊಂಡು ನೀರು ಪಾಲಾಯ್ತು. ನೀರಿಳಿದ ಮೇಲೆ ನೋಡಿದ್ರೆ ಊರಿದ್ದ ಜಾಗದಲ್ಲಿ ಬರೀ ಮರಳು. ಮಾಳಿ ಆಗ ತಾನೇ ಬಸುರಿ.

ಬೆಟ್ಟದಾಚೆ ಒಂದು ಸೀಮೆ ಐತೆ, ಅಲ್ಲಿ ಜನ ಕಮ್ಮಿ, ನೆಲ ಜಾಸ್ತಿ, ಯಾರು ಹಸನು ಮಾಡ್ತಾರೋ ಅವರದ್ದೇ ಹೊಲ ಅಂತ ಯಾರೋ ಹೇಳಿದ್ರಂತೆ. ಸರಿ ಅಂತ ಮೂವರೂ ಎಮ್ಮೆ ಹೊಡ್ಕೊಂಡು ಹೊರಟ್ರಂತೆ. ಮಾಳಿ ಹೋದ ಕಡೆಯೆಲ್ಲ ಒಂದು ಹಿಡಿ ಮಣ್ಣು ತಗೊಂಡು, ನೀರು ಹಾಕಿ ಉಂಡೆ ಕಟ್ಟಿ ನೋಡೋಳು, ಬಾವಿ ನೀರು ಬಾಯಿಗೆ ಹಾಕ್ಕೊಂಡು ಉಪ್ಪೋ ಸಿಹಿಯೋ ನೋಡೋಳು.

ಮೊದಲು ಸಿಕ್ಕಿದ್ದು ಕೆರೆ ಕೆಳಗಿನ ಒಂದು ಊರು. ಮಣ್ಣು ಕರ್ರಗೆ ಬೆಣ್ಣೆ ಥರ, ನೀರು ಎಳನೀರಿನ ಥರ. ಊರ ಗೌಡ ಎದುರಿಗೇ ಬಂದು, ಬನ್ನಿ ಬನ್ನಿ, ನಮ್ಮೂರಲ್ಲಿ ಯಾವ ಕೊರತೇನೂ ಇಲ್ಲ ಅಂದ್ನಂತೆ. ಗುಡಿಸಲು ಹಾಕಿದ್ರು. ಆಮೇಲೆ ಒಂದಿನ ನೀರಿಗೆ ಹೋದಾಗ ಮಾಳಿ ನೋಡ್ತಾಳೆ, ಊರಲ್ಲಿ ಒಂದೂ ನರೆತ ತಲೆ ಇಲ್ಲ. ಯಾಕ್ರವ್ವಾ, ನಿಮ್ಮೂರಲ್ಲಿ ಮುದುಕರೇ ಇಲ್ವಾ ಅಂತ ಕೇಳಿದ್ರೆ, ಹೆಂಗಸರೆಲ್ಲ ಕೊಡ ಎತ್ಕೊಂಡು ಸರಸರ ಹೊರಟೋದ್ರಂತೆ. ಅದಾದ ವಾರಕ್ಕೇ ಚೆನ್ನಾಜವ್ವಂಗೆ ಚಳಿಜ್ವರ. ಕಂಬಳಿ ಮೇಲೆ ಕಂಬಳಿ ಹೊದಿಸಿದ್ರೂ ನಡುಕ ನಿಲ್ಲಲಿಲ್ಲ. ಮಗನ ಕೈ ಹಿಡ್ಕೊಂಡು, ನಮ್ಮ ಹೊಳೆ ಹತ್ರ ಕರ್ಕೊಂಡೋಗೋ ಬೊಮ್ಮಾ ಅಂತ ಅಂತಾನೇ ಪ್ರಾಣ ಬಿಟ್ಲಂತೆ. ಮಣ್ಣು ಮಾಡಿ ಬಂದ ಮೇಲೆ ಗೌಡ ಬಾಯಿ ಬಿಟ್ಟ. ಮಳೆಗಾಲ ಬಂದ್ರೆ ಇಲ್ಲಿ ಹಿಂಗೇ ಕಣಪ್ಪಾ, ಮೊದಲೇ ಹೇಳಿದ್ರೆ ಯಾರು ತಾನೇ ಬರ್ತಾರೆ, ಊರು ಉಳೀಬೇಕಲ್ಲ ಅಂದ್ನಂತೆ.

ಬೊಮ್ಮ ಅವತ್ತಿಂದ ಮಾತು ಕಮ್ಮಿ ಮಾಡಿದ.

ಆಮೇಲೆ ಇಬ್ಬರೂ ಕಾಡಂಚಿಗೆ ಹೋದ್ರಂತೆ. ಅಲ್ಲಿ ಕೇಳೋಣ ಅಂದ್ರೆ ಒಂದು ನರಪಿಳ್ಳೆ ಇಲ್ಲ. ಆದ್ರೆ ಮಣ್ಣು ಒಳ್ಳೇದು. ಪೊದೆ ಕಡಿದು ಹುರುಳಿ ಚೆಲ್ಲಿದ್ರು. ಕಾಯಿ ಕಟ್ಟಿ ಒಣಗ್ತಾ ಬಂತು, ಇನ್ನೇನು ಕೀಳಬೇಕು ಅನ್ನೋವಾಗ ಆನೆ ಹಿಂಡು ಬಂತಂತೆ. ಇವರು ಮರ ಹತ್ತಿ ಕೂತ್ರು. ಆನೆಗಳು ತಿಂದಿದ್ದು ಸ್ವಲ್ಪ, ತುಳಿದಿದ್ದೇ ಜಾಸ್ತಿ. ಎಮ್ಮೆ ಹೆದರಿ ಹಗ್ಗ ಕಿತ್ಕೊಂಡು ಕಾಡೊಳಗೆ ಓಡಿದ್ದು ಮತ್ತೆ ಬರಲೇ ಇಲ್ಲ. ಬೊಮ್ಮ ಮರದಿಂದ ಇಳಿದೋನು, ಈ ಭೂಮಿಗೆ ನಾವು ಬೇಡ ಕಣೇ ಮಾಳಿ ಅಂದ್ನಂತೆ.

ಆಮೇಲೆ ನಡೆದ್ರು, ನಡೆದ್ರು. ಮಾಳಿಗೆ ಹೊಟ್ಟೆ ಭಾರ. ಒಂದು ಬೋಳುಗುಡ್ಡದ ಮೇಲೆ ನಿಂಗಾಜಮ್ಮ ಅನ್ನೋ ಒಂಟಿ ಮುದುಕಿ ಸಿಕ್ಕಿದ್ಲಂತೆ. ಯಾಕ್ರಪ್ಪಾ ಇಲ್ಲಿಗೆ ಬಂದ್ರಿ? ಗೇಣು ಅಗೆದ್ರೆ ಬಂಡೆ. ಒರತೆ ಗುಡ್ಡದ ಕೆಳಗೆ, ಬೇಸಿಗೇಲಿ ಒಂದು ಕೊಡ ತುಂಬೋಕೆ ಒಂದು ಹೊತ್ತು ಬೇಕು. ಆಷಾಢದ ಗಾಳಿಗೆ ಸೂರು ನಿಲ್ಲಲ್ಲ. ನನ್ನ ಗಂಡ ಕಲ್ಲು ಎತ್ತಿ ಎತ್ತೀನೇ ಸತ್ತ. ಬಂದೋರೆಲ್ಲ ಹೋದ್ರು, ನೀವೂ ಹೋಗಿ ಅಂದ್ಲಂತೆ.

ಜ್ವರ ಬರ್ತದಾ ಅಂತ ಮಾಳಿ ಕೇಳಿದ್ಲು. ಈ ಗಾಳಿಗೆ ಸೊಳ್ಳೆ ಎಲ್ಲಿ ನಿಲ್ತದೆ ಅಂದ್ಲು ಮುದುಕಿ. ಆನೆ ಬರ್ತವಾ ಅಂದ್ಲು ಮಾಳಿ. ಏನೈತೆ ಅಂತ ಬರ್ತವೆ? ಹಂಗಾದ್ರೆ ನೀನ್ಯಾಕಿದ್ದೀಯಾ ಅಜ್ಜೀ? ಸಾವು ಬರಲಿಲ್ವಲ್ಲ, ಅದಕ್ಕೇ ಇದ್ದೀನಿ ಅಂದ್ಲು ಮುದುಕಿ.

ಮಾಳಿ ಅಲ್ಲೇ ಕುಸಿದು ಕೂತು ಗೊಳೋ ಅಂತ ಅತ್ಲಂತೆ. ಊರು ಹೋದಾಗ ಅತ್ತಿರಲಿಲ್ಲ, ಅತ್ತೆ ಹೋದಾಗಲೂ ಗಂಡನ ಮುಂದೆ ತಡ್ಕೊಂಡಿದ್ಲು, ಎಲ್ಲ ಅವತ್ತು ಹೊರಗೆ ಬಂತು. ಅತ್ತು ಅತ್ತು ಸಾಕಾಗಿ ಗಂಡಂಗೆ ಹೇಳಿದ್ಲು, ಗೌಡ ಎಲ್ಲಾ ಐತೆ ಅಂದ, ನಾವು ಅತ್ತೇನ ಕಳ್ಕೊಂಡ್ವಿ. ಈವಮ್ಮ ಏನೂ ಇಲ್ಲ ಅಂತಾಳೆ. ಏನೇನಿಲ್ಲ ಅಂತ ಮೊದಲೇ ಗೊತ್ತಿದ್ರೆ ಹೆಂಗೋ ಏಗಬೋದು. ನಾನಿನ್ನು ನಡೆಯಲ್ಲ. ಬೊಮ್ಮ ಬಂಡೆ ಮೇಲೆ ಬೋರಲು ಮಲಗಿಬಿಟ್ನಂತೆ.

ಅಲ್ಲೇ ಹೆರಿಗೆ ಆಯ್ತು. ನಿಂಗಾಜಮ್ಮನೇ ಮಗು ಎತ್ತಿದ್ಲು, ಹೆಣ್ಣುಮಗು. ಬೊಮ್ಮ ಅದರ ಮುಖ ನೋಡಿದ, ನಗಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಕಲ್ಲು ಆರಿಸೋಕೆ ಶುರು ಮಾಡಿದ್ನಂತೆ. ಆರಿಸಿದ ಕಲ್ಲಲ್ಲೇ ಗಾಳಿಗೆ ಅಡ್ಡಲಾಗಿ ಗೋಡೆ ಕಟ್ಟಿದ. ಮೊದಲ ವರ್ಷ ಬಿತ್ತಿದ್ದು ಬರಲಿಲ್ಲ, ಗೆಡ್ಡೆ ಗೆಣಸು, ಅಣ್ಣೆಸೊಪ್ಪು ತಿಂದು ಜೀವ ಹಿಡ್ಕೊಂಡ್ರು. ಎಷ್ಟೋ ದಿನ ಮಾಳಿಗೆ ಮಗೂಗೆ ಕೊಡೋಕೆ ಹಾಲೂ ಇರ್ತಿರಲಿಲ್ಲ.

ಮಾರನೇ ವರ್ಷ ಕಲ್ಲಿನ ಸಂದೀಲಿ ರಾಗಿ ಬಂತಂತೆ. ಮೊಣಕಾಲುದ್ದದ ಪೈರು, ಸಣ್ಣ ಸಣ್ಣ ತೆನೆ. ಬೀಸಿ, ಮುದ್ದೆ ಕಟ್ಟಿ, ಎಲ್ಲರೂ ಗೋಡೆ ಮರೇಲಿ ಕೂತ್ರು. ನಿಂಗಾಜಮ್ಮ ಹಲ್ಲಿಲ್ಲದ ಬಾಯಲ್ಲಿ ನುಂಗ್ತಾ, ಜೊತೇಲಿ ಕೂತು ಉಂಡು ಎಷ್ಟು ಕಾಲ ಆಗಿತ್ತೋ ಅಂದ್ಲಂತೆ. ಬೊಮ್ಮ ತಲೆ ಬಗ್ಗಿಸಿ ಉಣ್ತಿದ್ದೋನು, ಮಾಳೀ, ಬರೋ ವರ್ಷ ಆ ಮೇಲಿನ ತುಂಡೂ ಹಸನು ಮಾಡೋಣ ಅಂದ್ನಂತೆ. ಊರು ನೀರುಪಾಲಾದ ಮೇಲೆ ಬರೋ ವರ್ಷ ಅನ್ನೋ ಮಾತು ಅವನ ಬಾಯಲ್ಲಿ ಬಂದಿದ್ದು ಅದೇ ಮೊದಲು. ಮಾಳಿ ಅವನ ತಣಿಗೆಗೆ ಇನ್ನೊಂದು ಮುದ್ದೆ ಹಾಕಿದ್ಲಂತೆ.

ಹಂಗೆ ಅವರು ಆ ಗುಡ್ಡದಲ್ಲೇ ಉಳ್ಕೊಂಡ್ರು ಮಗಾ. ಕತೆ ಇಷ್ಟೇಯ. ಕಣ್ಮುಚ್ಚು.