ಅರಗಿನ ಕೆಂಪು

ಪೂಜ್ಯ ಮಾರ್ದವಶ್ರೀ ಮಾತಾಜಿಯವರು ಆ ವರ್ಷದ ಚಾತುರ್ಮಾಸಕ್ಕಾಗಿ ಕೃಷ್ಣಾ ತೀರದ ಹಿರೇಕಲ್ಲವಾಡಿಯ ಬಸದಿಯಲ್ಲಿ ನೆಲೆಸಿದ್ದರು. ಬಸದಿ ಚಿಕ್ಕದು. ಅದರ ಪಡಸಾಲೆಯ ಮೂಲೆಯಲ್ಲಿ ಒಂದು ಚಾಪೆ, ಒಂದು ಕಮಂಡಲು, ನವಿಲುಗರಿಯ ಪಿಂಛಿ, ಅವರದೆನ್ನುವುದು ಅಷ್ಟೇ. ಮಳೆಗಾಲದಲ್ಲಿ ನೆಲದ ತುಂಬ ಸಣ್ಣ ಜೀವಗಳು ಹರಿದಾಡುತ್ತವೆಂದು ಮಾತಾಜಿಯವರು ಪಿಂಛಿಯಿಂದ ಮೆಲ್ಲಗೆ ಸವರಿಯೇ ಕೂಡುತ್ತಿದ್ದರು, ಏಳುತ್ತಿದ್ದರು. ಮಾತು ಬಹಳ ಕಡಿಮೆ.

ಅದೇ ಊರಿನಲ್ಲಿ ಸುನಂದಾ ಚೌಗುಲೆ ಎಂಬ ಚಿತ್ರಕಲಾವಿದೆ ಇದ್ದರು. ಅಂಗಡಿಯ ಬಣ್ಣಗಳನ್ನು ಬಿಟ್ಟು ಅವರು ಬಹಳ ಕಾಲವಾಗಿತ್ತು. ದಾಳಿಂಬೆ ಸಿಪ್ಪೆಯ ಹಳದಿ, ನೀಲಿ ಸೊಪ್ಪಿನ ನೀಲಿ, ದೀಪದ ಕಾಡಿಗೆಯ ಕಪ್ಪು ಅವರ ಬಣ್ಣಗಳು. ಹಲಗೆಯ ಮೇಲೆ ಗೋಣಿತಟ್ಟು ಹಾಸಿ, ಬೆಲ್ಲದ ನೀರಿನಲ್ಲಿ ಕಲಸಿದ ಸುಣ್ಣ, ಹೊಳೆಯ ಮರಳು, ಭತ್ತದ ಹೊಟ್ಟು ಮೆತ್ತಿ, ಕೈಗೆ ತಾಗುವಂಥ ಉಬ್ಬುತಗ್ಗಿನ ಚಿತ್ರ ಮಾಡುತ್ತಿದ್ದರು. ದಶಲಕ್ಷಣ ಪರ್ವಕ್ಕೆ ಬಸದಿಯಲ್ಲಿ ಇಡಲು ಒಂದು ದೊಡ್ಡ ಫಲಕ ಮಾಡಿಕೊಡಿರೆಂದು ಊರ ಶ್ರಾವಕರು ಕೇಳಿದ್ದರು. ತೀರ್ಥಂಕರರ ತಾಯಿ ಕಂಡ ಹದಿನಾರು ಕನಸುಗಳೇ ವಿಷಯ.

ಸುನಂದಾ ಅವರಿಗೆ ವ್ರತ ನಿಯಮಗಳಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವರ ತಾಯಿ ಚಂಪವ್ವ ಮಾತ್ರ ನೀರನ್ನು ಸೋಸದೆ ಮುಟ್ಟಿದವರಲ್ಲ. ಫಲಕ ಮುಗಿಯುತ್ತ ಬಂದ ದಿನದಿಂದ ಆಕೆ ಓಣಿಯ ತುಂಬ ಹೇಳುತ್ತ ನಡೆದರು: "ನನ್ನ ಮಗಳ ಚಿತ್ರದಾಗ ಒಂದು ಇರುವಿಗೂ ನೋವಾಗಿಲ್ಲ, ಬಂದು ನೋಡ್ರಿ."

ಫಲಕದಲ್ಲಿ ಎಲ್ಲರ ಕಣ್ಣು ಹೋಗುತ್ತಿದ್ದುದು ಉದಯಸೂರ್ಯನ ಕಡೆಗೆ. ಅಂಥ ಕೆಂಪು ಆ ಊರಿನವರು ಕಂಡಿರಲಿಲ್ಲ. ಅದು ಅರಗಿನಿಂದ ತೆಗೆದ ಬಣ್ಣ. ದೂರದ ಪಟ್ಟಣದ ವ್ಯಾಪಾರಿಯಿಂದ ತರಿಸಿದ್ದು. ಅರಗೆಂದರೆ ಮರದ ಅಂಟು ಎಂದೇ ಸುನಂದಾ ತಿಳಿದಿದ್ದರು. ಅಂಚಿಗೆ ಇನ್ನಷ್ಟು ಬೇಕಾಗಿ ಫೋನ್ ಮಾಡಿದಾಗ ಆ ವ್ಯಾಪಾರಿ ಸಹಜವಾಗಿ ಅಂದ: "ಈಗ ಸಿಗೂದಿಲ್ರಿ ಅಕ್ಕಾರ. ಹುಳ ಇನ್ನೂ ಬಲಿತಿಲ್ಲ. ಗಿಡದ ಕೊಂಬಿ ಮ್ಯಾಲೆ ಹುಳ ತುಂಬಿಕೊಂಡ ಮ್ಯಾಲೆ ಕೆರೆದು, ಅರೆದು ತೆಗೀಬೇಕು."

ಸುನಂದಾ ಫೋನ್ ಇಟ್ಟವರು ಹಾಗೆಯೇ ನೆಲಕ್ಕೆ ಕುಳಿತರು. ತಾಯಿಗೆ ಹೇಗೆ ಹೇಳುವುದು? ಊಟ ಸೇರಲಿಲ್ಲ. ತಾಯಿ ಚಿತ್ರದ ಮಾತೆತ್ತಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು. ಇನ್ನು ಬಣ್ಣದ ಸಹವಾಸವೇ ಬೇಡವೆಂದು ಕುಂಚಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು. ಕೊನೆಗೆ ಒಂದು ಮಧ್ಯಾಹ್ನ, ತಾಯಿ ಮನೆಯಲ್ಲಿ ಇಲ್ಲದಾಗ, ಫಲಕವನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಸದಿಗೆ ಬಂದರು. ಅದನ್ನು ಪಡಸಾಲೆಯ ಗೋಡೆಗೆ ಒರಗಿಸಿ ಮಾತಾಜಿಯವರಿಗೆ "ವಂದಾಮಿ" ಎಂದು ಕೈಮುಗಿದರು. ಕಠಿಣ ಪ್ರಾಯಶ್ಚಿತ್ತ ವಿಧಿಸುತ್ತಾರೆ, ಇಲ್ಲವೇ ಬೈದು ಕಳಿಸುತ್ತಾರೆ ಎಂದು ಎರಡಕ್ಕೂ ಸಿದ್ಧರಾಗಿ ಬಂದಿದ್ದರು.

"ಮಾತಾಜಿ, ಈ ಸೂರ್ಯನ ಕೆಂಪಿನಾಗ ಹುಳದ ಜೀವ ಹೋಗ್ಯಾವ್ರಿ. ನನಗ ಗೊತ್ತಿರಲಿಲ್ಲ. ಮರದ ಅಂಟು ಅನಕೊಂಡಿದ್ದೆ."

"ತರಿಸೂ ಮುಂದ ಕೊಟ್ಟವರನ್ನ ಕೇಳಿದ್ಯಾ?" ಎಂದರು ಮಾತಾಜಿ.

"ಇಲ್ರಿ. ಪರ್ವದೊಳಗ ಮುಗೀಬೇಕಂತ ಅವಸರದಾಗ ತರಿಸಿದೆ."

ಸುನಂದಾ ಚೀಲದಿಂದ ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿ ತೆಗೆದರು. "ನಿಮ್ಮ ಮುಂದನ ಕೆರೆದು ಒಗೀತೀನ್ರಿ" ಎನ್ನುತ್ತ ಸೂರ್ಯನ ಮೇಲೆ ಅದನ್ನು ಇಡಬೇಕು, ಅಷ್ಟರಲ್ಲಿ ಪಿಂಛಿ ಅಡ್ಡ ಬಂತು.

"ನಿಲ್ಲು. ಮೊದಲ ನೋಡು."

ಸುನಂದಾ ಬಗ್ಗಿ ನೋಡಿದರು. ಸೂರ್ಯನ ಕೆಳಗೆ ಗೋಣಿತಟ್ಟು ಮಡಿಚಿದ ಕಡೆ ಇರುವೆಗಳು. ಸುಣ್ಣದಲ್ಲಿದ್ದ ಬೆಲ್ಲದ ವಾಸನೆಗೆ ಬಂದು, ಮಳೆಯಿಂದ ಮರೆಯಾದ ಬೆಚ್ಚನೆಯ ಜಾಗವೆಂದು ಅಲ್ಲಿಯೇ ಮನೆ ಮಾಡಿದ್ದವು. ಬಿಳಿಯ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಗಾಬರಿಯಿಂದ ಓಡಾಡುತ್ತಿದ್ದವು. ಪಟ್ಟಿ ಹಿಡಿದ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು.

ಮಾತಾಜಿಯವರು ಮೆಲ್ಲಗೆ ನುಡಿದರು: "ಗೊತ್ತಿಲ್ಲದ ಆದದ್ದು ಆತು. ಗೊತ್ತಿದ್ದು ಮಾಡಬ್ಯಾಡ."

ಸುನಂದಾ ಅವರ ಕಣ್ಣಲ್ಲಿ ಅಷ್ಟು ದಿನ ಬಾರದ ನೀರು ಬಂತು.

"ಮಾತಾಜಿ, ನಾ ಬಣ್ಣ ಬಿಟ್ಟುಬಿಡಲೇನ್ರಿ?"

"ಬಣ್ಣ ಯಾಕ ಬಿಡ್ತೀ? ಅವಸರ ಬಿಡು."

ಇರುವೆಗಳು ತಾವಾಗಿ ಜಾಗ ಬದಲಿಸುವವರೆಗೆ ಫಲಕ ಅಲ್ಲಿಯೇ ಇರಲಿ, ಆಮೇಲೆ ಮನೆಗೆ ಒಯ್ದು ಇಟ್ಟುಕೊಳ್ಳಲಿ, ಬಸದಿಗೆ ಬೇರೊಂದು ಮಾಡಲಿ ಎಂದು ಮಾತಾಜಿಯವರು ಅಪ್ಪಣೆ ಕೊಟ್ಟರು. ಉಪವಾಸವನ್ನಾಗಲಿ ಬೇರೆ ದಂಡನೆಯನ್ನಾಗಲಿ ವಿಧಿಸಲಿಲ್ಲ.

ಆ ಸಂಜೆ ಸುನಂದಾ ತಾಯಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದರು.

"ನಂದೂ ತಪ್ಪೈತಿ ಮಗಾ" ಎಂದರು ಚಂಪವ್ವ. "ನೀ ಹೇಳಾಕ ಬಾಯಿ ತೆರೀದಂಗ, ಊರ ತುಂಬ ನಾನ ಡಂಗುರಾ ಹೊಡೆದೆ. ನಾಳೆ ನಾನೂ ಬರ್ತೀನಿ ಮಾತಾಜಿ ಕಡೆ. ಈಗ ಏಳು, ಹೊತ್ತು ಮುಳುಗೂದ್ರಾಗ ಉಣ್ಣು."

ತಾಯಿ ಮಗಳು ಎದುರುಬದುರು ಕುಳಿತು ಉಂಡರು. ಸುನಂದಾ ಎರಡು ಸಲ ರೊಟ್ಟಿ ಹಾಕಿಸಿಕೊಂಡರು.

ಹೊಸ ಫಲಕದ ಸೂರ್ಯನ ಕೆಂಪಿಗೆ ಅವರು ಆರಿಸಿದ್ದು ಕಾವಿಕಲ್ಲು. ಮಳೆ ಬಿಡುವು ಕೊಟ್ಟಾಗಲೆಲ್ಲ ಗುಡ್ಡದ ಬರಿಬಂಡೆಯಿಂದ ಉದುರಿಬಿದ್ದ ಚೂರುಗಳನ್ನು ಒಂದೊಂದಾಗಿ ಹೊರಳಿಸಿ ನೋಡಿ ಎತ್ತಿಕೊಂಡು ತಂದರು, ತಾವೇ ತೇಯ್ದರು. ಪರ್ವ ಬಂತು, ಹೋಯಿತು. ಮಾತಾಜಿಯವರು ಚಾತುರ್ಮಾಸ ಮುಗಿಸಿ ಬರಿಗಾಲಲ್ಲಿ ಮುಂದಿನ ಊರಿಗೆ ವಿಹಾರ ಹೊರಟರು. ಫಲಕ ಇನ್ನೂ ಅರ್ಧವಾಗಿತ್ತು. ಯಾವಾಗ ಮುಗಿಯುತ್ತದೆಂದು ಬಸದಿಯವರು ಬಂದು ಕೇಳಿದರೆ ಸುನಂದಾ ತೇಯುವ ಕಲ್ಲಿನಿಂದ ತಲೆಯೆತ್ತಿ, "ಗೊತ್ತಿಲ್ರಿ" ಎಂದು ನಗುತ್ತಿದ್ದರು. ಕೇಳಿದವರೂ ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತು ನೋಡಿ ಹೋಗುತ್ತಿದ್ದರು.