ಸಾಹೇಬರ ಬಾಯಲ್ಲಿ ಎಲೆಯಡಿಕೆ

ನನಗೆ ಕಥೆ ಹೇಳಿ ರೂಢಿಯಿಲ್ಲ, ಎಡವಿದರೆ ಕ್ಷಮಿಸಿ. ನಮ್ಮದು ಆಂಬ್ಯುಲೆನ್ಸ್ ಕೇಂದ್ರ, ಅಂದರೆ ಜನ ಫೋನ್ ಮಾಡಿದರೆ ಗಾಡಿ ಕಳಿಸುವ ಕಚೇರಿ. ನೀಲವ್ವ ಎಂಬವಳಿಗೆ ಮಾತು ಬರುವುದಿಲ್ಲ. ಗಂಡನಿಗೆ ಎದೆನೋವು ಬಂದಾಗ ನಮಗೆ ಫೋನ್ ಮಾಡಿದಳು. ಬರೀ "ಊಂ ಊಂ" ಕೇಳಿಸಿತು. ಯಾರದೋ ತಮಾಷೆ ಎಂದು ನಮ್ಮವರು ಕಟ್ ಮಾಡಿದರು. ಪಕ್ಕದ ಮನೆಯವರು ಆಟೋ ತಂದದ್ದರಿಂದ ಗಂಡ ಉಳಿದ. ಮೆಸೇಜ್ ಕಳಿಸಿದರೂ ಗಾಡಿ ಬರಲಿ ಎಂದು ಅವಳು ಅರ್ಜಿ ಕೊಟ್ಟಳು.

"ಆಗಲ್ಲ. ಬಾಯಿಬಿಟ್ಟು ಹೇಳಬೇಕು, ಅದೇ ನಿಯಮ," ಎಂದ ಸಾಹೇಬರು ಬಾಯಿ ತುಂಬ ಎಲೆಯಡಿಕೆ, ತಂಬಾಕು ಹಾಕಿಕೊಂಡರು.

ಅದು ಮೇಲಿನ ಅಧಿಕಾರಿ ದಿನವೂ ಫೋನ್ ಮಾಡುವ ಹೊತ್ತು. ನಮ್ಮ ಜವಾನ ಪೀಕದಾನಿಯನ್ನು, ಅಂದರೆ ಉಗುಳುವ ಪಾತ್ರೆಯನ್ನು, ತೊಳೆಯಲು ಒಯ್ದ.

ಫೋನ್ ಬಂತು. ಉಗುಳಲು ಪಾತ್ರೆಯಿಲ್ಲ, ನುಂಗಿದರೆ ತಂಬಾಕು. ಸಾಹೇಬರು "ಊಂ ಊಂ" ಎಂದರು.

"ಯಾರೋ ಅದು? ತಮಾಷೆ ಮಾಡ್ತೀಯಾ?" ಎಂದು ಬೈದು ಅಧಿಕಾರಿ ಕಟ್ ಮಾಡಿದರು. ಸಾಹೇಬರು ಬೆವತು, ಗಡಿಬಿಡಿಯಲ್ಲಿ ಮೊಬೈಲಿನಿಂದ ಮೆಸೇಜ್ ಕಳಿಸಿದರು.

ಪೀಕದಾನಿ ಹಿಡಿದ ಜವಾನ ಬಾಗಿಲಲ್ಲೇ ನಿಂತಿದ್ದ. "ಮೆಸೇಜಾ ಸಾರ್? ಬಾಯಿಬಿಟ್ಟು ಹೇಳಬೇಕಲ್ವಾ?"

ಸಾಹೇಬರು ದುರುಗುಟ್ಟಿ ನೋಡುತ್ತ ಪೀಕದಾನಿಗೆ ಕೈ ಚಾಚಿದರು. ಅವನು ಅರ್ಜಿ ಚಾಚಿದ. ಮೊದಲು ಸಹಿ ಬಿತ್ತು, ಆಮೇಲೆ ಎಲೆಯಡಿಕೆ.

ಈಗ ನೀಲವ್ವ ಮೆಸೇಜ್ ಕಳಿಸಿದರೂ ಗಾಡಿ ಹೋಗುತ್ತದೆ. ಇದರ ಅರ್ಥವನ್ನು ಇನ್ನಷ್ಟು ಬಿಡಿಸಿ ಹೇಳುವುದಾದರೆ... ಇರಿ, ಸಾಹೇಬರು ಕರೆಯುತ್ತಿದ್ದಾರೆ. ಕರೆಯುವುದೆಂದರೆ, "ಊಂ ಊಂ" ಎನ್ನುತ್ತಿದ್ದಾರೆ.